ಬಿಸಿಲೂರಿನ ಪಿಸ್ತೂಲಿಗೆ ತಣ್ಣನೆ ದೇಶದ ಸಲಹೆ

‘ಅಣ್ಣಾ, ಇದಕ್ಕ ಇನ್ನ ಏನೇನ್ ಹಾಕಸ್ಬೇಕ್ರಿ?’

ಪ್ಲಾಸ್ಟಿಕ್ ಗುಂಡು ಹಾರಿಸುವ ಗ್ಯಾಸ್ ಬ್ಲೋಬ್ಯಾಕ್ ಏರ್‌ಸಾಫ್ಟ್ ಪಿಸ್ತೂಲು ಕೈಗೆ ಬಂದವರು ಕೇಳುವ ಮೊದಲ ಪ್ರಶ್ನೆ ಇದು. ಇನ್ನೂ ನೆಟ್ಟಗೆ ನೂರು ಗುಂಡು ಹಾರಿಸಿರುವುದಿಲ್ಲ, ಆಗಲೇ ಪಟ್ಟಿ ಸಿದ್ಧವಾಗಿರುತ್ತದೆ. ಪ್ಲಾಸ್ಟಿಕ್ ಸ್ಲೈಡ್ ತೆಗೆದು ಲೋಹದ್ದು, ಒಳಗಿನ ಬ್ಯಾರೆಲ್ ತೆಗೆದು ಬಿಗಿಯದ್ದು, ಸ್ಪ್ರಿಂಗು ಒಂದೂವರೆ ಪಟ್ಟು ಗಟ್ಟಿ, ವಾಲ್ವು ಹೆಚ್ಚು ಗ್ಯಾಸ್ ಬಿಡುವಂಥದ್ದು, ಕೊನೆಗೆ ಗ್ಯಾಸೂ ಜೋರಿನದು. ಇಷ್ಟಾಗದಿದ್ದರೆ ಅದು ಜಾತ್ರೆಯ ಪಿಸ್ತೂಲೇ ಸೈ ಎಂಬುದು ಈ ಹವ್ಯಾಸಕ್ಕೆ ಹೊಕ್ಕವರೆಲ್ಲರ ಬಾಯಿಪಾಠ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಇಂಥ ಪಿಸ್ತೂಲು ಎಲ್ಲೋ ಒಬ್ಬಿಬ್ಬರ ಕೈಯಲ್ಲಿ ಕಾಣುತ್ತದೆ. ಬಾಯಿಪಾಠ ಮಾತ್ರ ಪಿಸ್ತೂಲಿಗಿಂತ ಮೊದಲೇ ಬಂದು ಕೂತಿದೆ.

ನನ್ನ ತಕರಾರು ಆ ಪಟ್ಟಿಯ ಮೇಲೆ. ಅದರ ಮುಕ್ಕಾಲು ಪಾಲು ನಮ್ಮ ಕಡೆ ಬೇಡವೇ ಬೇಡ. ಅದನ್ನು ಬರೆದವರು ಚಳಿಯ ದೇಶದವರು. ಅವರಿಗೆ ಗ್ಯಾಸು ಸಾಲದು, ನಮಗೆ ಹೆಚ್ಚಾಗುತ್ತದೆ. ಉಳಿದ ಕಾಲು ಪಾಲನ್ನು ಯಾರೂ ಪಟ್ಟಿಯ ಮೇಲ್ತುದಿಯಲ್ಲಿ ಹಾಕುವುದಿಲ್ಲ, ಏಕೆಂದರೆ ಅದು ಹತ್ತಿಪ್ಪತ್ತು ರೂಪಾಯಿಯ ರಬ್ಬರ್ ರಿಂಗಿನ ಮಾತು. ಅದರ ಫೋಟೊ ಹಾಕಿ ಮೆರೆಯಲು ಬರುವುದಿಲ್ಲ.

ಮೊದಲು ಈ ಯಂತ್ರ ಹೇಗೆ ನಡೆಯುತ್ತದೆ ನೋಡೋಣ. ಮ್ಯಾಗಝೀನಿನ ಹೊಟ್ಟೆಯಲ್ಲಿ ಗ್ಯಾಸು ದ್ರವರೂಪದಲ್ಲಿ ಇರುತ್ತದೆ. ಟ್ರಿಗರ್ ಎಳೆದಾಗ ಹ್ಯಾಮರ್ ಬಿದ್ದು ವಾಲ್ವನ್ನು ಬಡಿಯುತ್ತದೆ, ಗ್ಯಾಸು ಮೇಲಕ್ಕೆ ನುಗ್ಗಿ ನಾಝಲ್ ಸೇರುತ್ತದೆ. ನಾಝಲಿನೊಳಗೆ ಅತ್ತಿತ್ತ ಸರಿಯುವ ಒಂದು ಪುಟ್ಟ ಪ್ಲಾಸ್ಟಿಕ್ ವಾಲ್ವಿದೆ. ಅದು ಮೊದಲು ಗ್ಯಾಸನ್ನು ಗುಂಡಿನ ಕಡೆ ಬಿಡುತ್ತದೆ. ಗುಂಡು ಹೊರಟೊಡನೆ ಮುಂದಕ್ಕೆ ಸರಿದು ಆ ದಾರಿ ಮುಚ್ಚುತ್ತದೆ. ಉಳಿದ ಗ್ಯಾಸು ಸ್ಲೈಡನ್ನು ಹಿಂದಕ್ಕೆ ದೂಡುತ್ತದೆ, ರಿಕಾಯಿಲ್ ಸ್ಪ್ರಿಂಗು ಅದನ್ನು ಮುಂದಕ್ಕೆ ತರುತ್ತದೆ, ಬರುವಾಗ ಸ್ಲೈಡು ಮುಂದಿನ ಗುಂಡನ್ನು ಎತ್ತಿಕೊಂಡು ಬರುತ್ತದೆ. ಹೀಗೆ ಒಂದೇ ಗ್ಯಾಸು ಎರಡು ಕೆಲಸಕ್ಕೆ ಹಂಚಿಕೆಯಾಗುತ್ತದೆ. ಸ್ಲೈಡು ತಿಂದದ್ದು ಗುಂಡಿಗಿಲ್ಲ. ಪ್ರತಿ ಸಲ ದ್ರವ ಕುದ್ದು ಗ್ಯಾಸಾಗಲು ಶಾಖ ಬೇಕು, ಆ ಶಾಖ ಬರುವುದು ಮ್ಯಾಗಝೀನಿನ ಲೋಹದಿಂದಲೇ. ಬಿಡುವಿಲ್ಲದೆ ಹೊಡೆದರೆ ಮ್ಯಾಗಝೀನು ತಣ್ಣಗಾಗಿ ಮೈಮೇಲೆ ನೀರಹನಿ ಕಟ್ಟುತ್ತದೆ, ಸ್ಲೈಡು ಸೋಮಾರಿಯಾಗುತ್ತದೆ.

ಅಂದರೆ ಈ ಪಿಸ್ತೂಲಿನ ಎಂಜಿನ್ನು ಸ್ಪ್ರಿಂಗೂ ಅಲ್ಲ, ವಾಲ್ವೂ ಅಲ್ಲ. ಹವಾಮಾನ.

ಜಪಾನಿನ ಟೋಕಿಯೊ ಮಾರುಯಿ ಕಂಪನಿಯ ಪಿಸ್ತೂಲುಗಳು ಈ ಲೋಕದ ಅಳತೆಗೋಲು. ತೈವಾನಿನ ಡಬ್ಲ್ಯೂಇ, ಕೆಜೆ ವರ್ಕ್ಸ್‌ನಂಥವರ ಎಷ್ಟೋ ಮಾದರಿಗಳ ಒಳವಿನ್ಯಾಸಕ್ಕೆ ಮಾರುಯಿಯೇ ಮೂಲ. ಮಾರುಯಿಯವರು ಹೊರಮೈಗೆ ಎಬಿಎಸ್ ಪ್ಲಾಸ್ಟಿಕ್ ಹಾಕಿದ್ದು ಜುಗ್ಗತನಕ್ಕಲ್ಲ. ಅಲ್ಲಿನ ಕಾನೂನು ಲೋಹದ ನಕಲಿ ಪಿಸ್ತೂಲಿಗೆ ಕಡಿವಾಣ ಹಾಕಿದೆ. 2006ರಲ್ಲಿ ಬಲಕ್ಕೂ ಮಿತಿ ಬಂತು: 6 ಮಿಮೀ ಗುಂಡಿಗೆ ಹೆಚ್ಚುಕಡಿಮೆ 0.98 ಜೌಲ್. ಆ ಮಿತಿಯೊಳಗೆ, ಆರ್-134ಎ ಗ್ಯಾಸಿಗೆ ಹೊಂದುವಂತೆ ಕಟ್ಟಿದ ಯಂತ್ರ ಅದು. ಅಮೆರಿಕ, ಯುರೋಪಿನವರು ಬಳಸುವುದು ಗ್ರೀನ್ ಗ್ಯಾಸ್, ಅಂದರೆ ಸಿಲಿಕೋನ್ ಎಣ್ಣೆ ಬೆರೆಸಿದ ಪ್ರೊಪೇನ್. ಅವರ ಚಳಿಗೆ 134ಎ ಏಳುವುದೇ ಇಲ್ಲ, ಅದಕ್ಕೆ ಪ್ರೊಪೇನ್ ಬೇಕು.

ಈಗ ಲೆಕ್ಕ ನೋಡಿ. 20 ಡಿಗ್ರಿಯಲ್ಲಿ 134ಎ ಒತ್ತಡ ಸುಮಾರು 68 ಪಿಎಸ್‌ಐ, ಪ್ರೊಪೇನಿನದು ಸುಮಾರು 107. ಬೈಕಿನ ಟೈರಿಗೆ ನಾವು ಹೊಡೆಸುವುದು ಮೂವತ್ತರ ಆಸುಪಾಸು ಎಂಬುದನ್ನು ನೆನಪಿಟ್ಟುಕೊಳ್ಳಿ. ಅದೇ 134ಎ 40 ಡಿಗ್ರಿಯಲ್ಲಿ 133 ಪಿಎಸ್‌ಐಗೆ ಏರುತ್ತದೆ. ಪ್ರೊಪೇನ್ 180 ದಾಟುತ್ತದೆ. ಗೋಕಾಕ, ಮೂಡಲಗಿಯಲ್ಲಿ ಏಪ್ರಿಲ್, ಮೇ ತಿಂಗಳು ನೆರಳಿನಲ್ಲೇ 38–40 ಮುಟ್ಟುವುದು ಹೊಸ ಸುದ್ದಿಯೇನಲ್ಲ. ಯುರೋಪಿನ ಹುಡುಗ 20 ಡಿಗ್ರಿಯಲ್ಲಿ ಗ್ರೀನ್ ಗ್ಯಾಸ್ ತುಂಬಿ ಪಡೆಯುವ ಒತ್ತಡಕ್ಕಿಂತ ಹೆಚ್ಚು ಒತ್ತಡ ನಮ್ಮ ಹುಡುಗನಿಗೆ ಸಾದಾ 134ಎಯಲ್ಲೇ ಪುಕ್ಕಟೆ ಸಿಗುತ್ತದೆ. ಅದರ ಮೇಲೆ ಅವನು ಮತ್ತೆ ಗ್ರೀನ್ ಗ್ಯಾಸ್ ಹುಡುಕಿ ಹೊರಡುತ್ತಾನೆ!

ಇದನ್ನು ನನಗೆ ಕಣ್ಣಿಗೆ ಕಾಣುವಂತೆ ತೋರಿಸಿದ್ದು ಯಾವ ವಿಡಿಯೊವೂ ಅಲ್ಲ, ಮೂಡಲಗಿ ಕಡೆಯ ಒಬ್ಬ ಎಸಿ ಮಿಸ್ತ್ರಿ. ಕಾರಿನ ಎಸಿಗೆ ತುಂಬುವ 134ಎ ಡಬ್ಬಿ ಕೇಳಲು ಹುಡುಗನೊಬ್ಬನ ಜೊತೆ ಹೋಗಿದ್ದೆ.

‘ಕಾಕಾ, ನೂರಾ ಮೂವತ್ನಾಕ್ ಗ್ಯಾಸಿನ ಡಬ್ಬಿ ಐತೇನ್ರಿ?’

‘ಯಾವ ಗಾಡಿಗೋ?’

‘ಗಾಡಿಗಲ್ರಿ, ಪಿಸ್ತೂಲಿಗ್ರಿ.’

‘ಅದಕ್ಕೂ ಕೂಲಿಂಗ್ ಬೇಕೇನಲೇ?’ ಎಂದು ನಕ್ಕು, ವಿಷಯ ತಿಳಿದ ಮೇಲೆ ತನ್ನ ಜೋಡಿ ಗೇಜು ಎತ್ತಿಕೊಂಡ. ಒಂದು ನೀಲಿ, ಒಂದು ಕೆಂಪು. ನೀಲಿಯ ಪೈಪನ್ನು ಡಬ್ಬಿಗೆ ಸಿಕ್ಕಿಸಿ ತುಸು ತಿರುವಿದ. ಬಿಸಿಲಲ್ಲೇ ಇದ್ದ ಡಬ್ಬಿ. ಮುಳ್ಳು ಸರ್ರನೆ ಏರಿ 120 ದಾಟಿ ನಿಂತಿತು. ‘ಥಂಡ್ಯಾಗ ಇದ ಅರವತ್ತಕ್ಕ ನಿಂದರತೈತಿ. ಡಬ್ಬಿ ಅದ, ಗ್ಯಾಸ್ ಅದ. ಬಿಸಲ ಬ್ಯಾರೆ’ ಎಂದ. ಡಬ್ಬಿಯ ದುಡ್ಡಿಗೆ ಪಾಠ ಪುಕ್ಕಟೆ.

ಲೋಹದ ಸ್ಲೈಡಿನ ವಾದ ಈಗ ಎಲ್ಲಿ ನಿಲ್ಲುತ್ತದೆ ನೋಡಿ. ಗ್ರೀನ್ ಗ್ಯಾಸಿನ ಹೊಡೆತಕ್ಕೆ ಪ್ಲಾಸ್ಟಿಕ್ ಸ್ಲೈಡು ಸೀಳುತ್ತದೆ, ಆದ್ದರಿಂದ ಲೋಹದ್ದು ಹಾಕಬೇಕು ಎನ್ನುತ್ತಾರೆ. ಲೋಹದ ಸ್ಲೈಡು ಭಾರ, ಅದು ನೆಟ್ಟಗೆ ಮುಂದಕ್ಕೆ ಬರಲು ಗಟ್ಟಿ ಸ್ಪ್ರಿಂಗು ಬೇಕು. ಗಟ್ಟಿ ಸ್ಪ್ರಿಂಗನ್ನು ಹಿಂದಕ್ಕೆ ಒತ್ತಲು ಗ್ಯಾಸು ಸಾಲದು, ಹೆಚ್ಚು ಬಿಡುವ ವಾಲ್ವು ಬೇಕು. ಗ್ಯಾಸು ಹೆಚ್ಚು ಹೋದರೆ ಮ್ಯಾಗಝೀನು ಬೇಗ ತಣ್ಣಗಾಗುತ್ತದೆ, ಅದಕ್ಕೆ ಇನ್ನೂ ಜೋರಿನ ಗ್ಯಾಸು ಬೇಕು. ಒಂದು ರಿಪೇರಿ ಇನ್ನೊಂದು ರಿಪೇರಿಗೆ ಕಾರಣ. ಮೊದಲ ಗ್ಯಾಸನ್ನು ಬದಲಿಸದೆ ಇದ್ದಿದ್ದರೆ ಈ ಸುತ್ತು ಶುರುವೇ ಆಗುತ್ತಿರಲಿಲ್ಲ. ಅಂಗಡಿಯವನಿಗೆ ಇದು ಚೆನ್ನಾಗಿ ಗೊತ್ತು.

ನಲವತ್ತು ಡಿಗ್ರಿಗೆ 134ಎಯೇ ಪ್ಲಾಸ್ಟಿಕ್ಕಿಗೆ ಜಾಸ್ತಿಯಾಗುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಜಪಾನಿನ ಬೇಸಿಗೆಯೂ 35 ಡಿಗ್ರಿ ಮುಟ್ಟುತ್ತದೆ, ಆ ಪಿಸ್ತೂಲುಗಳು ಅದನ್ನು ತಾಳಿಕೊಂಡೇ ಬಂದಿವೆ. ನಮ್ಮ ಏಪ್ರಿಲ್ ಮಧ್ಯಾಹ್ನಕ್ಕೆ ಲೋಹದ ಸ್ಲೈಡು ಮದ್ದಲ್ಲ, ಸಂಜೆ ಐದರ ನಂತರ ಆಡುವುದು ಮದ್ದು. ಮಧ್ಯಾಹ್ನದ ಹೊತ್ತಿನಲ್ಲಿ ಕಬ್ಬಿನ ಗದ್ದೆಯ ಬದುವಿನಲ್ಲಿ ನಿಂತು ಪಿಸ್ತೂಲು ಹಾರಿಸುವವನಿಗೆ ಪಿಸ್ತೂಲಿಗಿಂತ ಮೊದಲು ತಲೆಯ ಆರೈಕೆ ಆಗಬೇಕು. ಗ್ಯಾಸ್ ತುಂಬಿದ ಮ್ಯಾಗಝೀನನ್ನೋ ಡಬ್ಬಿಯನ್ನೋ ಬಾಗಿಲು ಮುಚ್ಚಿದ ಕಾರಿನಲ್ಲಿ ಬಿಡುವುದಂತೂ ಅಪಾಯಕ್ಕೆ ಕರೆ ಕೊಟ್ಟಂತೆ. ಮನೆಯ ಸಿಲಿಂಡರಿನಿಂದ ತುಂಬಿಕೊಳ್ಳುವ ಬುದ್ಧಿವಂತರ ಸುದ್ದಿಯೂ ಕಿವಿಗೆ ಬೀಳುತ್ತದೆ. ಅದು ಉರಿಯುವ ಗ್ಯಾಸು, ಅಡುಗೆಮನೆಯಲ್ಲಿ ಹರಡಿದರೆ ಪಿಸ್ತೂಲೂ ಇಲ್ಲ, ಮನೆಯೂ ಇಲ್ಲ.

ಬಾಯಿಪಾಠದಲ್ಲಿ ಒಂದು ಕಡೆ ಮಾತ್ರ ಸತ್ಯವಿದೆ. ಡಿಸೆಂಬರ್, ಜನವರಿಯ ಬೆಳಗ್ಗೆ ಹುಕ್ಕೇರಿ ಕಡೆ ಹದಿನೈದು ಡಿಗ್ರಿಗೆ ಇಳಿದಾಗ 134ಎ 60 ಪಿಎಸ್‌ಐ ಒಳಗೇ ಉಳಿಯುತ್ತದೆ, ಸ್ಲೈಡು ಅರ್ಧಕ್ಕೇ ನಿಲ್ಲುತ್ತದೆ. ಆಗ ಮ್ಯಾಗಝೀನನ್ನು ಸ್ವಲ್ಪ ಹೊತ್ತು ಕಿಸೆಯಲ್ಲಿಟ್ಟು ಮೈಶಾಖ ಕೊಟ್ಟರೆ ಸಾಕು. ವರ್ಷದ ನಾಲ್ಕಾರು ವಾರದ ಚಳಿಗಾಗಿ ಇಡೀ ಯಂತ್ರವನ್ನು ಬದಲಿಸಬೇಕಾಗಿಲ್ಲ.

ಲೋಹವೇ ಮೇಲು ಎಂಬ ಭ್ರಮೆಗೆ ಇನ್ನೊಂದು ಉತ್ತರ ಸ್ಪರ್ಧೆಯ ಕಣದಲ್ಲಿ ಸಿಗುತ್ತದೆ. ಅಂತರರಾಷ್ಟ್ರೀಯ ಪ್ರಾಯೋಗಿಕ ಶೂಟಿಂಗ್ ಒಕ್ಕೂಟದ ಆಕ್ಷನ್ ಏರ್ ವಿಭಾಗ ಏರ್‌ಸಾಫ್ಟ್ ಪಿಸ್ತೂಲಿನದೇ. ಅದರ ಮೊದಲ ವಿಶ್ವ ಸ್ಪರ್ಧೆ 2018ರಲ್ಲಿ ಹಾಂಗ್‌ಕಾಂಗ್‌ನಲ್ಲಿ ನಡೆಯಿತು. ಅಲ್ಲಿ ಹೆಚ್ಚು ಕಾಣುವುದು ಮಾರುಯಿಯ ಹೈ-ಕಾಪಾ ಮಾದರಿ. ವೇಗಕ್ಕೆ ಪಣತೊಟ್ಟವರು ಸ್ಲೈಡಿನ ಭಾರ ಹೆಚ್ಚಿಸುವುದಿಲ್ಲ, ಕೊರೆದು ಕೊರೆದು ತೂತು ಮಾಡಿ ಹಗುರ ಮಾಡುತ್ತಾರೆ. ಭಾರ ಕಡಿಮೆಯಾದಷ್ಟೂ ಗ್ಯಾಸು ಉಳಿಯುತ್ತದೆ, ಸ್ಲೈಡು ಬೇಗ ತಿರುಗಿ ಬರುತ್ತದೆ, ಗುರಿ ಅಲುಗುವುದಿಲ್ಲ. ಗೆಲ್ಲಲು ಹೋದವರು ಹಗುರ ಮಾಡುವಾಗ, ಹಿತ್ತಿಲಲ್ಲಿ ಡಬ್ಬಿಗೆ ಹೊಡೆಯುವ ನಾವು ಭಾರ ಹೇರುತ್ತೇವೆ. ರಿಕಾಯಿಲ್ ಸ್ಪ್ರಿಂಗಿನ ಮಾತಂತೂ ನಗೆಪಾಟಲು: ಅದು ಸ್ಲೈಡನ್ನು ವಾಪಸು ತರಲು ಇರುವುದು. ಅದನ್ನು ಎಷ್ಟು ಗಟ್ಟಿ ಮಾಡಿದರೂ ಗುಂಡಿನ ವೇಗ ಏರುವುದಿಲ್ಲ, ಗ್ಯಾಸು ಮಾತ್ರ ಹೆಚ್ಚು ಖರ್ಚಾಗುತ್ತದೆ.

ಬಿಗಿ ಬ್ಯಾರೆಲ್ಲಿನದು ಬೇಗ ಮುಗಿಯುವ ಮಾತು. ಕಂಪನಿಯ ಬ್ಯಾರೆಲ್ಲಿನ ಒಳ ಅಳತೆ 6.08 ಮಿಮೀ ಆಸುಪಾಸು, ಬಿಗಿಯದ್ದು 6.01 ರಿಂದ 6.03. ಒಳ್ಳೆಯ ಗುಂಡು 5.95. ಉಳಿಯುವ ಸಂದಿ ಒಂದು ಮಿಲಿಮೀಟರಿನ ನೂರರಲ್ಲಿ ಆರರಿಂದ ಎಂಟು ಪಾಲು. ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರು ಎಬ್ಬಿಸುವ ಧೂಳಿಗೆ ಆ ಸಂದಿ ಕಟ್ಟಿಕೊಳ್ಳಲು ಎಷ್ಟು ಹೊತ್ತು? ಅಂಥ ಬ್ಯಾರೆಲ್ಲಿಗೆ ಜಾತ್ರೆಯಲ್ಲಿ ಪೊಟ್ಟಣ ಕಟ್ಟಿ ಮಾರುವ ಹಳದಿ ಗುಂಡು ತುಂಬುತ್ತಾರೆ. 0.12 ಗ್ರಾಮಿನ ಆ ಗುಂಡನ್ನು ಉಗುರಿನಿಂದ ಸವರಿ ನೋಡಿ: ಅಚ್ಚಿನ ಎರಡು ಹೋಳು ಕೂಡಿದ ಗೆರೆ ಕೈಗೆ ಸಿಗುತ್ತದೆ. ಗೆರೆಯ ಗುಂಡು ಬಿಗಿ ಬ್ಯಾರೆಲ್ಲಿನಲ್ಲಿ ಸಿಕ್ಕಿಬಿದ್ದರೆ ತಪ್ಪು ಬ್ಯಾರೆಲ್ಲಿನದಲ್ಲ. ನುಣುಪಾದ 0.25 ಗ್ರಾಮಿನ ಗುಂಡು, ಗುಂಡಿಗೆ ಹಿಮ್ಮುಖ ಸುತ್ತು ಕೊಡುವ ಹಾಪ್-ಅಪ್ ರಬ್ಬರು ಸವೆಯದೆ ಇರುವುದು, ಬಟ್ಟೆ ಸುತ್ತಿದ ಕಡ್ಡಿಯಿಂದ ಒರೆಸಿದ ಹಳೆಯ ಬ್ಯಾರೆಲ್ಲು: ಗುರಿ ಕೂಡುವುದು ಇವುಗಳಿಂದ.

ನಿಜವಾದ ಅಪ್‌ಗ್ರೇಡ್ ಇರುವುದು ಸೀಲಿನಲ್ಲಿ. ಆಡಿ ಆಡಿ ಬಿಟ್ಟ ಮ್ಯಾಗಝೀನಿನ ತಳದ ಪಿನ್ನು ಹೊಡೆದು ತೆಗೆದು ನೋಡಿ. ಅಲ್ಲಿ ಕೂತ ಕಪ್ಪು ಓ-ರಿಂಗು ಹೊಸದಿದ್ದಾಗ ದುಂಡಗಿರುತ್ತದೆ. ಸವೆದದ್ದು ಒಂದು ಬದಿಗೆ ಚಪ್ಪಟೆಯಾಗಿ, ಒಣಗಿ, ಮೇಲೆ ಬಿಳಿ ಪುಡಿ ಹಿಡಿದಿರುತ್ತದೆ. ಗ್ಯಾಸು ಹೊರಡುವುದು ಅಲ್ಲಿಂದ. ಅನುಮಾನವಿದ್ದರೆ ತುಂಬಿದ ಮ್ಯಾಗಝೀನನ್ನು ಬಕೆಟ್ಟಿನ ನೀರಿನಲ್ಲಿ ಹಿಡಿಯಿರಿ, ಪಂಕ್ಚರ್ ಅಂಗಡಿಯವನು ಟ್ಯೂಬು ಹಿಡಿಯುವ ಹಾಗೆ. ಗುಳ್ಳೆ ಎಲ್ಲಿ ಏಳುತ್ತದೋ ಅಲ್ಲಿ ಕೆಲಸ. ಬೆಳಗಾವಿ ಉದ್ಯಮಬಾಗದಲ್ಲಿ ಹೈಡ್ರಾಲಿಕ್ ಸಾಮಾನು ಮಾಡುವ ಕಾರ್ಖಾನೆಗಳಿವೆ. ಆ ಕಡೆಯ ಅಂಗಡಿಗಳಲ್ಲಿ ನೈಟ್ರೈಲ್ ಓ-ರಿಂಗನ್ನು ಮಿಲಿಮೀಟರಿನ ಲೆಕ್ಕದಲ್ಲಿ ಕೇಳಿ ಪಡೆಯಬಹುದು. ವರ್ನಿಯರ್ ಹಿಡಿದು ಒಳ ಅಳತೆ, ದಪ್ಪ ಎರಡನ್ನೂ ಬರೆದುಕೊಂಡು ಹೋಗಬೇಕು, ಅಷ್ಟೇ. ತೈವಾನಿನಿಂದ ತರಿಸುವ ಮಾತೇ ಇಲ್ಲ.

ಎಣ್ಣೆಯ ವಿಷಯದಲ್ಲೂ ನಮ್ಮವರು ತಪ್ಪು ಡಬ್ಬಿಗೇ ಕೈ ಹಾಕುತ್ತಾರೆ. ಎಸಿಯ 134ಎ ಡಬ್ಬಿಯಲ್ಲಿ ಸಿಲಿಕೋನ್ ಎಣ್ಣೆ ಇರುವುದಿಲ್ಲ, ಅದನ್ನೇ ತುಂಬುತ್ತ ಹೋದರೆ ಸೀಲು ಒಣಗುತ್ತದೆ. ಒಣಗಿತೆಂದು ತೆಂಗಿನೆಣ್ಣೆ ಬಿಡುವವರಿದ್ದಾರೆ. 24 ಡಿಗ್ರಿಯ ಕೆಳಗೆ ಅದು ಗಟ್ಟಿಯಾಗಿ ವಾಲ್ವಿನಲ್ಲೇ ಕೂರುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಕೆಲವು ಜಾತಿಯ ರಬ್ಬರನ್ನು ಉಬ್ಬಿಸುತ್ತದೆ. ತುಂಬುವ ಮುಂಚೆ ವಾಲ್ವಿಗೆ ಎರಡು ಹನಿ ಸಿಲಿಕೋನ್ ಎಣ್ಣೆ ಬಿಟ್ಟರೆ ಮುಗಿಯಿತು. ಇನ್ನೊಂದು ಮಾತು: ಈ 134ಎ ವಾತಾವರಣವನ್ನು ಕಾಯಿಸುವ ಗ್ಯಾಸು. ಇಂಥ ಗ್ಯಾಸುಗಳನ್ನು ಇಳಿಸಲು 2016ರ ಕಿಗಾಲಿ ಒಪ್ಪಂದವಾಯಿತು, ಭಾರತ 2021ರಲ್ಲಿ ಒಪ್ಪಿತು. ಸೋರುವ ಮ್ಯಾಗಝೀನು ಜೇಬಿಗಷ್ಟೇ ನಷ್ಟವಲ್ಲ.

ಕೈಚಳಕ ತೋರಿಸಲೇಬೇಕು ಎನ್ನುವವರಿಗೆ ಹಿಡಿಕೆ ಇದೆ. ಹತ್ತು ಮೀಟರ್ ಏರ್ ಪಿಸ್ತೂಲ್ ಕ್ರೀಡೆಯಲ್ಲಿ ಬೆಂಗಳೂರಿನ ಪ್ರಕಾಶ್ ನಂಜಪ್ಪ 2013ರ ಚಾಂಗ್ವಾನ್ ವಿಶ್ವಕಪ್‌ನಲ್ಲಿ ಪದಕ ತಂದರು. ಆ ಕ್ರೀಡೆಯ ಪಿಸ್ತೂಲುಗಳನ್ನು ನೋಡಿದರೆ ಶೂಟರುಗಳು ಯಾವುದಕ್ಕೆ ತಲೆ ಕೆಡಿಸಿಕೊಳ್ಳುತ್ತಾರೆಂದು ತಿಳಿಯುತ್ತದೆ. ಗುಂಡಿನ ವೇಗಕ್ಕಲ್ಲ, ಅಂಗೈಗೆ ಕೂರುವ ಮರದ ಹಿಡಿಕೆಗೆ. 1911 ಮಾದರಿಯ ಪಿಸ್ತೂಲಾದರೆ ಎರಡು ಸ್ಕ್ರೂ ಬಿಚ್ಚಿದರೆ ಹಿಡಿಕೆಯ ಹಲಗೆ ಕಳಚುತ್ತದೆ. ಗೋಕಾಕದಲ್ಲಿ ಮರ ಕೆತ್ತುವ ಕೈಗಳಿಗೆ ಬರವಿಲ್ಲ. ಅವರು ಆಟಿಕೆಗೆ ಬಳಸುವ ಹಗುರ ಮರ ಇದಕ್ಕೆ ತಾಳುವುದಿಲ್ಲ, ಬೀಟೆಯೋ ಸಾಗವಾನಿಯೋ ಆಗಬೇಕು. ಇದು ನಮ್ಮೂರಿನಲ್ಲೇ ಆಗುವ ಕೆಲಸ, ಇದರಿಂದ ಗುರಿಯೂ ಸುಧಾರಿಸುತ್ತದೆ. ಆದರೂ ಯಾರ ಪಟ್ಟಿಯಲ್ಲೂ ಇದಿಲ್ಲ.

ಬಲದ ಹುಚ್ಚು ನಮ್ಮ ಕಡೆ ಹೊರಗಿನಿಂದಷ್ಟೇ ಬಂದದ್ದಲ್ಲ. ಹೊಲಕ್ಕೆ ಬರುವ ಮಂಗ, ಹಕ್ಕಿ ಓಡಿಸಲು ಗಾಳಿ ಬಂದೂಕು ಕಂಡು ಬೆಳೆದವರು ನಾವು. ಹಾಗಾಗಿ ಏರ್‌ಸಾಫ್ಟ್ ತೋರಿಸಿದರೂ ಮೊದಲು ಬರುವ ಮಾತು ‘ಕಾಗಿ ಬೀಳತೈತೇನ್ರಿ?’ ಎಂದು. ಬೀಳಬಾರದು ಎಂಬುದೇ ಇದರ ವಿನ್ಯಾಸ. 0.2 ಗ್ರಾಮಿನ ಗುಂಡು ಸೆಕೆಂಡಿಗೆ ನೂರು ಮೀಟರ್ ಹೋದರೆ ಬಲ ಒಂದು ಜೌಲ್. ಮನುಷ್ಯರು ಗಾಗಲ್ ಹಾಕಿಕೊಂಡು ಒಬ್ಬರಿಗೊಬ್ಬರು ಹೊಡೆದು ಆಡಲೆಂದು ಹುಟ್ಟಿದ ಸಾಮಾನು ಇದು. ಗಾಗಲ್ ಇಲ್ಲದ ಕಣ್ಣಿಗೆ ಆ ಒಂದು ಜೌಲೂ ಸಾಕು. ಅದನ್ನು ಒಂದೂವರೆ, ಎರಡು ಮಾಡಿದವನು ಆಟದ ಬಲ ಹೆಚ್ಚಿಸಿದ್ದಲ್ಲ, ಜೊತೆಯವರನ್ನು ಆಟದಿಂದ ಓಡಿಸಿದ್ದು.

ಕಾನೂನಿನ ಕಡೆಯಿಂದಲೂ ಈ ಹುಚ್ಚು ಲಾಭದ್ದಲ್ಲ. 2016ರ ಆಯುಧ ನಿಯಮಗಳಲ್ಲಿ ಗಾಳಿ ಆಯುಧಕ್ಕೆ ಎರಡು ಗೆರೆಗಳಿವೆ: ಬಲ 20 ಜೌಲ್, ನಳಿಗೆಯ ವ್ಯಾಸ .177 ಇಂಚು, ಅಂದರೆ 4.5 ಮಿಮೀ. ಯಾವುದೇ ಒಂದನ್ನು ಮೀರಿದರೂ ಲೈಸೆನ್ಸಿನ ಪ್ರಶ್ನೆ ಏಳುತ್ತದೆ. ಏರ್‌ಸಾಫ್ಟಿನ ಬಲ ಮಿತಿಯ ಇಪ್ಪತ್ತರಲ್ಲಿ ಒಂದು ಪಾಲು. ನಳಿಗೆ 6 ಮಿಮೀ, ಮಿತಿಯ ಹೊರಗೆ. ಸೀಸದ ಛರ್ರೆಗೆಂದು ಎಳೆದ ಗೆರೆಯಲ್ಲಿ ಪ್ಲಾಸ್ಟಿಕ್ ಗುಂಡು ಹೀಗೆ ವಿಚಿತ್ರವಾಗಿ ಸಿಕ್ಕಿಕೊಂಡಿದೆ. ಸುಂಕದ ಪಟ್ಟಿಯಲ್ಲೂ ಗ್ಯಾಸ್, ಗಾಳಿ, ಸ್ಪ್ರಿಂಗ್ ಪಿಸ್ತೂಲುಗಳಿಗೆ 9304 ಎಂಬ ಶೀರ್ಷಿಕೆ, ಆಟಿಕೆಗೆ 9503. ಯಾವುದರ ಅಡಿ ಬರುತ್ತದೆ ಎಂಬ ತರ್ಕ ಕಸ್ಟಮ್ಸ್ ಮೇಜಿನ ಮೇಲೆ ನಡೆಯುವಾಗ ಲೋಹದ ಸ್ಲೈಡು, ಗಟ್ಟಿ ಸ್ಪ್ರಿಂಗು, ಅಸಲಿ ಕಂಪನಿಯ ಮುದ್ರೆ ಯಾರ ಪರ ಸಾಕ್ಷಿ ಹೇಳುತ್ತವೆ? ನಕಲಿ ಬಂದೂಕನ್ನು ಗುಂಡು ಹಾರಿಸುವ ಬಂದೂಕಾಗಿ ಲೈಸೆನ್ಸಿಲ್ಲದೆ ಬದಲಿಸುವುದು 1959ರ ಆಯುಧ ಕಾಯ್ದೆಯ 6ನೇ ಕಲಮಿನ ಪ್ರಕಾರ ಅಪರಾಧ. ಹವ್ಯಾಸಿ ಅಲ್ಲಿಗೆ ಹೋಗುವುದಿಲ್ಲ, ನಿಜ. ಆದರೆ ಆ ದಿಕ್ಕಿನಲ್ಲಿ ಹೆಜ್ಜೆ ಹಾಕುತ್ತ ‘ಇದು ಆಟಿಕೆ ಸರ್’ ಎನ್ನುವ ಬಾಯಿಗೆ ಬೆಲೆ ಕಡಿಮೆಯಾಗುತ್ತದೆ.

ಅಪ್‌ಗ್ರೇಡ್ ಪಟ್ಟಿಯಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ಬರಿಸುವುದು ಬಣ್ಣ. ನಳಿಗೆಯ ತುದಿಯ ಕಿತ್ತಳೆ ಬಣ್ಣ ಕೆರೆದು, ಕಪ್ಪು ಬಳಿದು, ‘ಅಸಲಿ ಥರಾನ ಕಾಣಬೇಕ್ರಿ’ ಎನ್ನುತ್ತಾರೆ. ನಕಲು ಮಾಡುವುದರಲ್ಲಿ ನಮ್ಮೂರಿಗೆ ಹೆಸರಿದೆ ನಿಜ. ಗೋಕಾಕದ ಮಣ್ಣಿನ ಮಾವು, ಬಾಳೆ, ಸೀತಾಫಲಗಳನ್ನು ತಟ್ಟೆಯಲ್ಲಿಟ್ಟರೆ ಬಂದ ಬೀಗರು ಕೈ ಹಾಕುತ್ತಾರೆ, ಮೋಸ ಹೋದವರೇ ನಗುತ್ತಾರೆ. ಪಿಸ್ತೂಲಿನ ನಕಲಿಗೆ ಮೋಸ ಹೋದವರು ನಗುವುದಿಲ್ಲ. 2014ರ ನವೆಂಬರ್ 22ರಂದು ಅಮೆರಿಕದ ಕ್ಲೀವ್‌ಲ್ಯಾಂಡಿನ ಪಾರ್ಕಿನಲ್ಲಿ ಟಮೀರ್ ರೈಸ್ ಎಂಬ ಹನ್ನೆರಡು ವರ್ಷದ ಹುಡುಗ ಏರ್‌ಸಾಫ್ಟ್ ಪಿಸ್ತೂಲು ಹಿಡಿದಿದ್ದ. ಕಿತ್ತಳೆ ತುದಿ ತೆಗೆದುಹಾಕಲಾಗಿತ್ತು. ಕಾರಿನಿಂದ ಇಳಿದ ಪೊಲೀಸ್ ಕ್ಷಣಗಳಲ್ಲೇ ಗುಂಡು ಹಾರಿಸಿದ. ಹುಡುಗ ಮರುದಿನ ಸತ್ತ. ಆ ಪೊಲೀಸನ ತಪ್ಪು ಎಷ್ಟೆಂಬುದರ ಮೇಲೆ ಅಮೆರಿಕ ವರ್ಷಗಟ್ಟಲೆ ಜಗಳಾಡಿತು, ಆಡಬೇಕಾದ ಜಗಳವೇ. ಆ ಕಿತ್ತಳೆ ತುದಿ ಅಲ್ಲೇ ಇದ್ದಿದ್ದರೆ ಹುಡುಗನಿಗೆ ಒಂದು ಅವಕಾಶವಾದರೂ ಇರುತ್ತಿತ್ತು. ನಮ್ಮದು ಗಡಿ ಜಿಲ್ಲೆ; ಚುನಾವಣೆ ಬಂದರೆ ಚೆಕ್‌ಪೋಸ್ಟು, ಲೈಸೆನ್ಸಿನ ಬಂದೂಕುಗಳೆಲ್ಲ ಠಾಣೆಗೆ ಜಮಾ. ಅಂಥ ದಿನ ಸೊಂಟಕ್ಕೆ ಕಪ್ಪು ಪಿಸ್ತೂಲು ಸಿಕ್ಕಿಸಿಕೊಂಡು ರೀಲ್ಸ್ ಮಾಡುವವನ ಎದುರು ನಿಂತ ಪೇದೆಗೆ ಎಬಿಎಸ್ ಯಾವುದು, ಉಕ್ಕು ಯಾವುದು ಎಂದು ಹತ್ತು ಅಡಿ ದೂರದಿಂದ ಗೊತ್ತಾಗಬೇಕೇ?

ಬಿಚ್ಚಿ ಜೋಡಿಸುವ ಸುಖವೇ ಈ ಹವ್ಯಾಸದ ಜೀವ, ಅದನ್ನೂ ಕಸಿದುಕೊಂಡರೆ ಉಳಿಯುವುದೇನು ಎಂಬುದು ಎದುರುವಾದಿಗಳ ಗಟ್ಟಿ ಮಾತು. ಆ ಸುಖವನ್ನು ನಾನೂ ಒಪ್ಪುತ್ತೇನೆ. ಲೋಹದ ಸ್ಲೈಡು ಹಿಂದಕ್ಕೆ ಹೋಗಿ ಬರುವಾಗಿನ ಸದ್ದಿಗೆ ಕಿವಿ ಸೋಲುವುದೂ ಸುಳ್ಳಲ್ಲ. ಆದರೆ ಅದು ಕಿವಿಯ ಖುಷಿಗೆ ತೆತ್ತ ದುಡ್ಡು ಎಂದು ಒಪ್ಪಿಕೊಂಡು ಹಾಕಿಸಿ. ಪಿಸ್ತೂಲು ಸುಧಾರಿಸಿತು ಎಂದು ಊರಿಗೆಲ್ಲ ಹೇಳಬೇಡಿ. ಹೊಸಬರು ಅದನ್ನೇ ಪಾಠ ಎಂದು ತಿಳಿದು ಮೊದಲ ತಿಂಗಳೇ ಜೇಬು ಖಾಲಿ ಮಾಡಿಕೊಳ್ಳುತ್ತಾರೆ.

ಹೊಸದಾಗಿ ಕೊಳ್ಳುವವರು ಇಷ್ಟು ಮಾಡಿ: ಕೊಳ್ಳುವ ಮೊದಲು ನಿಯಮ ತಿಳಿದ ವಕೀಲರನ್ನೋ ಠಾಣೆಯನ್ನೋ ಕೇಳಿ. ಸ್ಲೈಡಿಗೆಂದು ಎತ್ತಿಟ್ಟ ದುಡ್ಡಿನಲ್ಲಿ ಮೊದಲು ಆಡುವವರಿಗೆಲ್ಲ ಗುಣಮಟ್ಟದ ಗಾಗಲ್, ಆಮೇಲೆ 0.25ರ ಗುಂಡು, ಓ-ರಿಂಗು, ಸಿಲಿಕೋನ್ ಎಣ್ಣೆ ತನ್ನಿ. ಪಿಸ್ತೂಲನ್ನು ಚೀಲದಲ್ಲಿಟ್ಟು ಒಯ್ಯಿರಿ, ಕಿತ್ತಳೆ ತುದಿಯನ್ನು ಮುಟ್ಟಬೇಡಿ. ಒಂದು ಬೇಸಿಗೆ, ಒಂದು ಚಳಿಗಾಲ ಹೀಗೆ ಆಡಿ ನೋಡಿ. ಆಮೇಲೂ ಏನಾದರೂ ಕೊರತೆ ಕಂಡರೆ ಆ ಒಂದನ್ನು ಮಾತ್ರ ಬದಲಿಸಿ.